ಎಂಟು ಕಪ್‌ಗಿಂತ ನಾಲ್ಕು ಸೋಲೇ ಕೆಲಸಕ್ಕೆ ಬಂತು: ಇವಾನ್ ಲೆಂಡ್ಲ್ ಕೋಚ್ ಆದ ಪ್ರಕರಣ

2011ರ ಡಿಸೆಂಬರ್ 31ರಂದು ಬ್ರಿಟನ್‌ನ ಟೆನಿಸ್ ಆಟಗಾರ ಆ್ಯಂಡಿ ಮರ್ರೆ ತಮ್ಮ ಹೊಸ ಕೋಚ್ ಹೆಸರು ಹೇಳಿದರು: ಇವಾನ್ ಲೆಂಡ್ಲ್. ಟೆನಿಸ್ ನೋಡುವವರೆಲ್ಲ ಹುಬ್ಬೇರಿಸಿದರು. ಲೆಂಡ್ಲ್ ಎಂಟು ಗ್ರ್ಯಾನ್‌ಸ್ಲಾಮ್ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳು: ಆಸ್ಟ್ರೇಲಿಯಾ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಅಮೆರಿಕ ಓಪನ್) ಗೆದ್ದವರು, 270 ವಾರ ನಂಬರ್ ಒನ್ ಆಗಿದ್ದವರು, ಅದೆಲ್ಲ ಸರಿ. ಆದರೆ ಅಗ್ರ ಮಟ್ಟದ ಆಟಗಾರನಿಗೆ ಕೋಚ್ ಆಗಿ ಅವರು ಅಲ್ಲಿಯವರೆಗೆ ಕೆಲಸ ಮಾಡಿರಲಿಲ್ಲ. 1994ರಲ್ಲಿ ಬೆನ್ನುನೋವಿನಿಂದ ಆಟ ಬಿಟ್ಟ ಮೇಲೆ ಎಷ್ಟೋ ವರ್ಷ ಟೆನಿಸ್ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಗಾಲ್ಫ್ ಆಡಿಕೊಂಡು ಆರಾಮಾಗಿದ್ದರು. ಮತ್ತೆ ರಾಕೆಟ್ ಹಿಡಿದು ಜನರ ಮುಂದೆ ನಿಂತದ್ದು 2010ರಲ್ಲಿ, ಅದೂ ಪ್ರದರ್ಶನ ಪಂದ್ಯಕ್ಕೆ.

ಮುಂದಿನ ಎರಡು ವರ್ಷದಲ್ಲಿ ಮರ್ರೆ ಒಲಿಂಪಿಕ್ ಚಿನ್ನ, ಅಮೆರಿಕ ಓಪನ್, ವಿಂಬಲ್ಡನ್ ಮೂರನ್ನೂ ಗೆದ್ದರು. ಈ ಕಥೆಯನ್ನು ಸಾಮಾನ್ಯವಾಗಿ ಹೇಳುವುದು ಹೀಗೆ: ದೊಡ್ಡ ಚಾಂಪಿಯನ್ ಬಂದ, ಗೆಲ್ಲೋದು ಹೇಗೆ ಅಂತ ಹೇಳಿಕೊಟ್ಟ, ಶಿಷ್ಯನೂ ಗೆದ್ದ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಎಂಟು ಕಪ್‌ಗಳು ಬಾಗಿಲು ತೆರೆಸಿದವು, ಅಷ್ಟೇ. ಒಳಗೆ ಬಂದ ಮೇಲೆ ಕೆಲಸಕ್ಕೆ ಬಂದದ್ದು ಲೆಂಡ್ಲ್ ಮೊದಮೊದಲು ಸೋತ ನಾಲ್ಕು ಫೈನಲ್‌ಗಳು. ಇದೇ ಲೆಂಡ್ಲ್ ಮುಂದೆ ಇನ್ನೊಬ್ಬ ಆಟಗಾರನ ಜೊತೆ ಒಂದು ವರ್ಷವೂ ನಿಲ್ಲಲಿಲ್ಲ. ಅದನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಮರ್ರೆ ಸಿಕ್ಕಿಕೊಂಡಿದ್ದ ಜಾಗ

ಆಗ ಮರ್ರೆಗೆ 24 ವರ್ಷ. ರ‍್ಯಾಂಕಿಂಗ್‌ನಲ್ಲಿ ನಾಲ್ಕನೇ ಸ್ಥಾನ. ಮೇಲಿದ್ದವರು ಜೊಕೊವಿಚ್, ನಡಾಲ್, ಫೆಡರರ್. ಬೇರೆ ಯಾವುದೇ ಕಾಲದಲ್ಲಿ ಆಡಿದ್ದರೆ ಅಷ್ಟರಲ್ಲಿ ಒಂದೆರಡು ಗ್ರ್ಯಾನ್‌ಸ್ಲಾಮ್ ಮನೆಗೆ ಬಂದಿರುತ್ತಿತ್ತು ಅಂತ ಹೇಳುವವರಿದ್ದರು. ಇರಬಹುದು. ಆದರೆ ಲೆಕ್ಕ ಲೆಕ್ಕವೇ. 2008ರ ಅಮೆರಿಕ ಓಪನ್ ಫೈನಲ್‌ನಲ್ಲಿ ಫೆಡರರ್ ಎದುರು ಸೋಲು. 2010ರ ಆಸ್ಟ್ರೇಲಿಯಾ ಓಪನ್ ಫೈನಲ್‌ನಲ್ಲಿ ಮತ್ತೆ ಫೆಡರರ್. 2011ರಲ್ಲಿ ಅದೇ ಮೆಲ್ಬರ್ನ್‌ನಲ್ಲಿ ಜೊಕೊವಿಚ್. ಮೂರೂ ಫೈನಲ್ ಸೇರಿಸಿದರೆ ಮರ್ರೆ ಗೆದ್ದ ಸೆಟ್‌ಗಳು ಸೊನ್ನೆ.

ಇದರ ಮೇಲೆ ಬ್ರಿಟನ್‌ನ ಭಾರ ಬೇರೆ. 1936ರಲ್ಲಿ ಫ್ರೆಡ್ ಪೆರ್ರಿ ಗೆದ್ದ ಮೇಲೆ ಆ ದೇಶದ ಯಾವ ಗಂಡಸೂ ಸಿಂಗಲ್ಸ್‌ನಲ್ಲಿ ಗ್ರ್ಯಾನ್‌ಸ್ಲಾಮ್ ಗೆದ್ದಿರಲಿಲ್ಲ. ಪ್ರತಿ ಜೂನ್‌ನಲ್ಲಿ ವಿಂಬಲ್ಡನ್ ಹತ್ತಿರ ಬಂದರೆ ಸಾಕು, ಪೆರ್ರಿ ಹೆಸರು ಪೇಪರ್‌ನಲ್ಲಿ ಬರುತ್ತಿತ್ತು. ಅದರ ಪಕ್ಕ ಮರ್ರೆ ಫೋಟೊ ಇರುತ್ತಿತ್ತು.

ಆಟದಲ್ಲಿ ದೋಷ ಹುಡುಕುವುದು ಕಷ್ಟವಿತ್ತು, ಆದರೆ ಇರಲಿಲ್ಲ ಅಂತಲ್ಲ. ಸರ್ವ್ ವಾಪಸ್ ಮಾಡುವುದರಲ್ಲಿ ಮರ್ರೆ ಜಗತ್ತಿನ ಅತಿ ಒಳ್ಳೆಯವರ ಸಾಲಿನಲ್ಲಿದ್ದರು. ಎರಡು ಕೈಯ ಬ್ಯಾಕ್‌ಹ್ಯಾಂಡ್ ಗಟ್ಟಿ. ಓಟ ಚುರುಕು. ತೊಂದರೆ ಇದ್ದದ್ದು ಫೋರ್‌ಹ್ಯಾಂಡ್ ಮತ್ತು ಎರಡನೇ ಸರ್ವ್‌ನಲ್ಲಿ. ದೊಡ್ಡ ಪಂದ್ಯದಲ್ಲಿ ಅವರು ಹಿಂದೆ ಸರಿದು ನಿಲ್ಲುತ್ತಿದ್ದರು, ಎದುರಾಳಿ ತಪ್ಪು ಮಾಡಲಿ ಅಂತ ಕಾಯುತ್ತಿದ್ದರು. ಫೆಡರರ್, ಜೊಕೊವಿಚ್ ಅಂಥವರು ಫೈನಲ್‌ನಲ್ಲಿ ಅಷ್ಟು ಸುಲಭಕ್ಕೆ ತಪ್ಪು ಮಾಡುವುದಿಲ್ಲ, ಅಲ್ವಾ? ಪಾಯಿಂಟ್ ಕೈತಪ್ಪಿದಾಗ ಗ್ಯಾಲರಿಯಲ್ಲಿ ಕೂತ ತಮ್ಮವರ ಕಡೆ ತಿರುಗಿ ಕೂಗಾಡುವ ಅಭ್ಯಾಸವೂ ಮರ್ರೆಗೆ ಇತ್ತು.

ಮಾಜಿ ಆಟಗಾರರನ್ನು ಕೋಚ್ ಮಾಡಿಕೊಂಡದ್ದು ಅದೇ ಮೊದಲೇನಲ್ಲ. ಅಗಾಸ್ಸಿ ಮತ್ತು ರಾಡಿಕ್ ಇಬ್ಬರಿಗೂ ಗ್ರ್ಯಾನ್‌ಸ್ಲಾಮ್ ಗೆಲ್ಲಿಸಿಕೊಟ್ಟ ಬ್ರಾಡ್ ಗಿಲ್ಬರ್ಟ್ ಬಂದು ಹೋಗಿದ್ದರು. ಮೈಲ್ಸ್ ಮೆಕ್ಲಾಗನ್ ಇದ್ದರು. ಎರಡು ಸಲ ಫ್ರೆಂಚ್ ಓಪನ್ ಫೈನಲ್ ಆಡಿದ ಅಲೆಕ್ಸ್ ಕೊರೆಚಾ ಕೂಡ ಇದ್ದರು. ತಿಳಿವಳಿಕೆಗೇನೂ ಬರವಿರಲಿಲ್ಲ.

ಲೆಂಡ್ಲ್ ಗಂಟಿನಲ್ಲಿ ಇದ್ದದ್ದು

ಲೆಂಡ್ಲ್ 1960ರಲ್ಲಿ ಆಗಿನ ಜೆಕೊಸ್ಲೊವಾಕಿಯಾದ ಓಸ್ಟ್ರಾವಾದಲ್ಲಿ ಹುಟ್ಟಿದವರು. 1981ರಲ್ಲಿ ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲಿ ಬೋರ್ಗ್ ಎದುರು ಐದು ಸೆಟ್ ಆಡಿ ಮೊದಲ ಗ್ರ್ಯಾನ್‌ಸ್ಲಾಮ್ ಫೈನಲ್ ಸೋತರು. 1982 ಮತ್ತು 1983ರ ಅಮೆರಿಕ ಓಪನ್ ಫೈನಲ್‌ಗಳಲ್ಲಿ ಜಿಮ್ಮಿ ಕಾನರ್ಸ್ ಸೋಲಿಸಿದರು. ಎರಡನೆಯದು ನಿಜಕ್ಕೂ ಕೆಟ್ಟ ಸೋಲು. ಇಬ್ಬರೂ ಒಂದೊಂದು ಸೆಟ್ ಗೆದ್ದಿದ್ದರು, ಮೂರನೇ ಸೆಟ್ಟಿನಲ್ಲಿ ಲೆಂಡ್ಲ್ 5-4ರಿಂದ ಮುಂದಿದ್ದರು. ಅಲ್ಲಿಂದ ಮುಂದೆ ಅವರಿಗೆ ಒಂದು ಗೇಮ್ ಕೂಡ ಸಿಗಲಿಲ್ಲ. ಸೆಟ್ 5-7, ಕೊನೆಯ ಸೆಟ್ 0-6. ಅದೇ ವರ್ಷದ ಕೊನೆಗೆ ಆಸ್ಟ್ರೇಲಿಯಾದಲ್ಲಿ ವಿಲಾಂಡರ್ ಎದುರು ಇನ್ನೊಂದು ಸೋಲು. ನಾಲ್ಕಕ್ಕೆ ನಾಲ್ಕೂ ಹೋಯಿತು. ದೊಡ್ಡ ದಿನ ಬಂದರೆ ಈತ ಕೈಚೆಲ್ಲುತ್ತಾನೆ ಅಂತ ಹೆಸರು ಬಿತ್ತು.

ಐದನೆಯದು 1984ರ ಫ್ರೆಂಚ್ ಓಪನ್. ಎದುರಿಗೆ ಆ ವರ್ಷ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಸೋಲದ ಜಾನ್ ಮೆಕೆನ್ರೋ. ಮೊದಲ ಎರಡು ಸೆಟ್ 3-6, 2-6. ಮುಗಿಯಿತು ಅಂತ ಎಲ್ಲರೂ ಅಂದುಕೊಂಡ ಮೇಲೆ ಲೆಂಡ್ಲ್ 6-4, 7-5, 7-5ರಿಂದ ಗೆದ್ದರು. ಆಮೇಲೆ ಏಳು ಗ್ರ್ಯಾನ್‌ಸ್ಲಾಮ್ ಬಂದವು. 1982ರಿಂದ 1989ರವರೆಗೆ ಸತತ ಎಂಟು ವರ್ಷ ಅಮೆರಿಕ ಓಪನ್ ಫೈನಲ್ ಆಡಿದರು.

ಆ ಬದಲಾವಣೆ ಸುಮ್ನೆ ಆದದ್ದಲ್ಲ. ಲೆಂಡ್ಲ್ ಊಟ ಬದಲಿಸಿದರು, ದೇಹ ಗಟ್ಟಿ ಮಾಡಿಕೊಂಡರು. ಆಸ್ಟ್ರೇಲಿಯಾದ ಟೋನಿ ರೋಚ್ ಅವರನ್ನು ಕೋಚ್ ಆಗಿ ಕರೆತಂದರು. ರೋಚ್ ಕೂಡ ಮಾಜಿ ಆಟಗಾರರೇ, 1966ರ ಫ್ರೆಂಚ್ ಓಪನ್ ಚಾಂಪಿಯನ್. ಕನೆಕ್ಟಿಕಟ್‌ನ ತಮ್ಮ ಮನೆಯ ಅಂಕಣಕ್ಕೆ ಅಮೆರಿಕ ಓಪನ್‌ನಲ್ಲಿ ಇರುವಂಥದ್ದೇ ನೆಲ ಹಾಕಿಸುತ್ತಿದ್ದರು, ಅಲ್ಲಿ ಹಾಕುವ ಕೆಲಸಗಾರರನ್ನೇ ಕರೆಸಿ. ಸ್ವಲ್ಪ ಅತಿ ಅನ್ನಿಸಬಹುದು. ಆದರೆ ದೊಡ್ಡ ದಿನದ ಭಯಕ್ಕೆ ಅವರು ಕಂಡುಕೊಂಡ ಮದ್ದು ಇದೇ: ಅಲ್ಲಿ ಹೊಸದು ಅನ್ನಿಸುವ ಯಾವುದನ್ನೂ ಉಳಿಸಬಾರದು.

ಇನ್ನೊಂದು ವಿಚಿತ್ರ ನೋಡಿ. ಲೆಂಡ್ಲ್ ಎಂದೂ ವಿಂಬಲ್ಡನ್ ಗೆಲ್ಲಲಿಲ್ಲ. 1986ರಲ್ಲಿ ಬೆಕರ್, 1987ರಲ್ಲಿ ಪ್ಯಾಟ್ ಕ್ಯಾಶ್ ಫೈನಲ್‌ನಲ್ಲಿ ಸೋಲಿಸಿದರು. 1990ರಲ್ಲಿ ಹುಲ್ಲಿನ ಅಂಕಣದ ತಯಾರಿಗೆ ಅಂತ ಫ್ರೆಂಚ್ ಓಪನ್ನನ್ನೇ ಬಿಟ್ಟರು. ಅದೂ ಸೆಮಿಫೈನಲ್‌ಗೆ ಮುಗಿಯಿತು. ಮರ್ರೆಗೆ ಎಲ್ಲಕ್ಕಿಂತ ಬೇಕಾಗಿದ್ದ ಕಪ್ ಅವರ ಕೋಚ್ ಕೈಗೆ ಸಿಗದ ಕಪ್. ಗೆದ್ದವನೇ ಗೆಲ್ಲಿಸಬಲ್ಲ ಅನ್ನುವ ವಾದ ಇಲ್ಲಿಗೇ ಅರ್ಧ ಬಿದ್ದುಹೋಗುತ್ತದೆ.

ಕೆಲಸದ ಹಂಚಿಕೆ

ಈ ಭಾಗವನ್ನು ಹೇಳುವವರು ಕಡಿಮೆ. ಲೆಂಡ್ಲ್ ಮರ್ರೆಯ ದಿನನಿತ್ಯದ ಕೋಚ್ ಆಗಿರಲಿಲ್ಲ. ಆ ಕೆಲಸ ಡ್ಯಾನಿ ವಲ್ವೆರ್ಡು ಅವರದ್ದು. ಇವರು ಮರ್ರೆ ಹುಡುಗನಾಗಿದ್ದಾಗ ಬಾರ್ಸಿಲೋನಾದ ಅಕಾಡೆಮಿಯಲ್ಲಿ ಜೊತೆಗೆ ಕಲಿತವರು. ಚೆಂಡು ಹೊಡೆಯಲು ಜೊತೆ ನಿಲ್ಲುವುದು, ಅಂಕಣ ಕಾಯ್ದಿರಿಸುವುದು, ಎದುರಾಳಿಯ ಆಟ ನೋಡಿ ಟಿಪ್ಪಣಿ ಮಾಡುವುದು, ವಾರವಿಡೀ ಜೊತೆ ತಿರುಗುವುದು, ಇವೆಲ್ಲ ವಲ್ವೆರ್ಡು ಪಾಲು. ಲೆಂಡ್ಲ್ ಗ್ರ್ಯಾನ್‌ಸ್ಲಾಮ್‌ಗಳಿಗೆ, ಕೆಲವು ದೊಡ್ಡ ಟೂರ್ನಿಗಳಿಗೆ, ಫ್ಲಾರಿಡಾದ ತರಬೇತಿ ದಿನಗಳಿಗೆ ಬರುತ್ತಿದ್ದರು.

ಆಟ ಬಿಟ್ಟು ಕೋಚ್ ಆಗಲು ಹೊರಟ ಚಾಂಪಿಯನ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ. ವರ್ಷದಲ್ಲಿ ಮೂವತ್ತು ವಾರ ಹೋಟೆಲ್ ವಾಸ, ಮತ್ತೊಬ್ಬರ ಗಂಟೆಗೆ ತಕ್ಕಂತೆ ಎದ್ದು ಕೂರುವುದು, ಬೆಳಗಿನ ಅಭ್ಯಾಸಕ್ಕೆ ಚೆಂಡು ತುಂಬಿದ ಬುಟ್ಟಿ ಹೊರುವುದು. ಇಪ್ಪತ್ತು ವರ್ಷ ತನಗಾಗಿ ಬೇರೆಯವರು ಇದನ್ನೆಲ್ಲ ಮಾಡಿದ್ದನ್ನು ಕಂಡವನಿಗೆ ಅದು ಸುಲಭವಲ್ಲ. ಲೆಂಡ್ಲ್ ಮಾಡಿದ ಜಾಣತನ ಏನೆಂದರೆ, ಆ ಕೆಲಸಕ್ಕೆ ಕೈ ಹಾಕದೆ ತಾನು ಮಾಡಬಲ್ಲ ಚಿಕ್ಕ ಭಾಗವನ್ನಷ್ಟೇ ಒಪ್ಪಿಕೊಂಡದ್ದು.

ಟೆನಿಸ್‌ನಲ್ಲಿ ಇನ್ನೊಂದು ತೊಡಕಿದೆ. ಫುಟ್‌ಬಾಲ್‌ನಲ್ಲಿ ಕೋಚ್‌ಗೆ ಸಂಬಳ ಕೊಡುವುದು ಕ್ಲಬ್. ಇಲ್ಲಿ ಕೊಡುವುದು ಆಟಗಾರ. ಅಂದರೆ ಕೋಚ್ ತನ್ನ ಯಜಮಾನನಿಗೇ ಬುದ್ಧಿ ಹೇಳಬೇಕು. ಜಾಸ್ತಿ ಹೇಳಿದರೆ ಕೆಲಸ ಹೋಗಬಹುದು. ಲೆಂಡ್ಲ್‌ಗೆ ಆ ಭಯವಿರಲಿಲ್ಲ. ದುಡ್ಡಿತ್ತು, ಹೆಸರಿತ್ತು, ಕೈ ಬಿಟ್ಟರೆ ಗಾಲ್ಫ್ ಅಂಗಳ ಕಾಯುತ್ತಿತ್ತು. ಎಂಟು ಕಪ್‌ಗಳು ನಿಜಕ್ಕೂ ಉಪಯೋಗಕ್ಕೆ ಬಂದದ್ದಿದ್ದರೆ ಇಲ್ಲಿ ಅನ್ನಿಸುತ್ತದೆ. ಅವು ಲೆಂಡ್ಲ್‌ಗೆ ಮುಖ ನೋಡಿ ಮಾತಾಡುವ ಸ್ವಾತಂತ್ರ್ಯ ಕೊಟ್ಟವು.

ಆಟದಲ್ಲಿ ಆದ ಬದಲಾವಣೆ ಹೊಸ ವಿದ್ಯೆಯೇನಲ್ಲ. ಫೋರ್‌ಹ್ಯಾಂಡ್ ಹೊಡೆಯುವಾಗ ಇನ್ನಷ್ಟು ಬಲ, ಇನ್ನಷ್ಟು ಧೈರ್ಯ. ಅವಕಾಶ ಸಿಕ್ಕಾಗ ಮುಂದೆ ಬಂದು ಪಾಯಿಂಟ್ ಮುಗಿಸುವುದು. ಲೆಂಡ್ಲ್ ಸ್ವತಃ ಫೋರ್‌ಹ್ಯಾಂಡ್‌ನಿಂದ ಬದುಕಿದವರು, ಆದ್ದರಿಂದ ಮಾತಿಗೆ ತೂಕವಿತ್ತು. ಉಳಿದದ್ದು ಗ್ಯಾಲರಿಯ ವಿಷಯ. ಲೆಂಡ್ಲ್ ಕೂತರೆ ಕಲ್ಲು. ಗೆದ್ದರೂ ನಗು ಇಲ್ಲ, ಸೋತರೂ ಸಪ್ಪೆ ಮುಖ ಇಲ್ಲ. ಆಗಿನ ನಿಯಮದಲ್ಲಿ ಗ್ಯಾಲರಿಯಿಂದ ಸನ್ನೆ ಮಾಡುವಂತೆಯೂ ಇರಲಿಲ್ಲ. ಹೀಗಿದ್ದ ಮುಖದ ಕಡೆ ತಿರುಗಿ ಎಷ್ಟು ಹೊತ್ತು ಕೂಗಾಡಬಹುದು? ಮರ್ರೆಯ ರಂಪ ಪೂರ್ತಿ ನಿಂತಿತು ಅಂತಲ್ಲ, ಕಮ್ಮಿಯಾಯಿತು.

ಇಬ್ಬರ ನಡುವೆ ತಮಾಷೆ ಇರಲಿಲ್ಲ ಅಂದುಕೊಳ್ಳಬೇಡಿ. ಆಡುವ ಕಾಲದಲ್ಲಿ ಲೆಂಡ್ಲ್ ನೆಟ್ ಹತ್ತಿರ ಬಂದ ಎದುರಾಳಿಯ ಮೈಗೇ ಚೆಂಡು ಹೊಡೆಯುವುದಕ್ಕೆ ಹೆಸರಾಗಿದ್ದವರು. 2013ರ ಜೂನ್‌ನಲ್ಲಿ ಕ್ವೀನ್ಸ್ ಕ್ಲಬ್‌ನಲ್ಲಿ ನಡೆದ ಕ್ಯಾನ್ಸರ್ ಸಹಾಯಾರ್ಥ ಡಬಲ್ಸ್ ಪಂದ್ಯದಲ್ಲಿ ಮರ್ರೆ ಆ ಬಾಕಿ ತೀರಿಸಿದರು. ಗುರುವಿನ ಮೈಗೆ ಚೆಂಡು ಬಿದ್ದಾಗ ಇಡೀ ಅಂಗಳ ಚಪ್ಪಾಳೆ ಹೊಡೆಯಿತು.

ಐದನೇ ಫೈನಲ್

ಮೊದಲ ಆರು ತಿಂಗಳು ನೋಡಿದರೆ ಪವಾಡವೇನೂ ಕಾಣುವುದಿಲ್ಲ. ಬ್ರಿಸ್ಬೇನ್ ಗೆದ್ದರು. ಆಸ್ಟ್ರೇಲಿಯಾ ಓಪನ್ ಸೆಮಿಫೈನಲ್‌ನಲ್ಲಿ ಜೊಕೊವಿಚ್ ಎದುರು ಐದು ಸೆಟ್ ಕಾದಾಡಿ ಸೋತರು. ಇಂಡಿಯನ್ ವೆಲ್ಸ್‌ನಲ್ಲಿ ಮೊದಲ ಪಂದ್ಯಕ್ಕೇ ಮನೆಗೆ. ಪ್ಯಾರಿಸ್‌ನಲ್ಲಿ ಕ್ವಾರ್ಟರ್‌ಫೈನಲ್‌ಗೆ ಮುಕ್ತಾಯ.

ಆಮೇಲೆ 2012ರ ವಿಂಬಲ್ಡನ್ ಫೈನಲ್. 1938ರ ನಂತರ ಅಲ್ಲಿ ಪುರುಷರ ಸಿಂಗಲ್ಸ್ ಫೈನಲ್ ತಲುಪಿದ ಮೊದಲ ಬ್ರಿಟಿಷ್ ಆಟಗಾರ ಮರ್ರೆ. ಮೊದಲ ಸೆಟ್ ಗೆದ್ದರು. ಗ್ರ್ಯಾನ್‌ಸ್ಲಾಮ್ ಫೈನಲ್‌ನಲ್ಲಿ ಅವರು ಗೆದ್ದ ಮೊದಲ ಸೆಟ್ ಅದು. ಎರಡನೆಯದು ಫೆಡರರ್ ಪಾಲಾಯಿತು. ಮಳೆ ಬಂತು, ಚಾವಣಿ ಮುಚ್ಚಿದರು, ಮುಂದಿನ ಎರಡನ್ನೂ ಫೆಡರರ್ ಗೆದ್ದರು. ಬಹುಮಾನದ ಹೊತ್ತಿಗೆ ಮರ್ರೆ ಮೈಕ್ ಮುಂದೆ ಅತ್ತರು.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ನಡುಬೆನ್ನು ಈ ಸೋಲೇ. ಹಿಂದಿನ ಮೂರು ಫೈನಲ್‌ಗಳಲ್ಲಿ ಮರ್ರೆ ಎದುರಾಳಿಯ ತಪ್ಪಿಗೆ ಕಾದು ಸೋತಿದ್ದರು. ಇಲ್ಲಿ ಹೊಡೆದು ಸೋತರು. ಹೊರಗಿನವರಿಗೆ ಎರಡೂ ಸೋಲೇ. ನಾಲ್ಕು ಸಲ ಸೋತು ಐದನೆಯದರಲ್ಲಿ ಗೆದ್ದವನಿಗೆ ಮಾತ್ರ ಅದರಲ್ಲಿನ ವ್ಯತ್ಯಾಸ ಕಾಣುತ್ತದೆ. ಇದು ನಾಲ್ಕನೆಯದು, ನನಗೂ ಇಷ್ಟೇ ಆಗಿತ್ತು ಅಂತ ಹೇಳುವ ಹಕ್ಕು ಆ ಕೋಣೆಯಲ್ಲಿ ಒಬ್ಬರಿಗೇ ಇತ್ತು. ವಲ್ವೆರ್ಡುಗಾಗಲಿ ಗಿಲ್ಬರ್ಟ್‌ಗಾಗಲಿ ಎಷ್ಟು ತಿಳಿದಿದ್ದರೂ ಈ ಮಾತು ಹೇಳಲು ಬರುತ್ತಿರಲಿಲ್ಲ.

ನಾಲ್ಕು ವಾರದ ನಂತರ ಅದೇ ಸೆಂಟರ್ ಕೋರ್ಟ್‌ನಲ್ಲಿ ಒಲಿಂಪಿಕ್ ಫೈನಲ್. ಎದುರಿಗೆ ಅದೇ ಫೆಡರರ್. 6-2, 6-1, 6-4. ಮರ್ರೆಗೆ ಚಿನ್ನ.

ಸೆಪ್ಟೆಂಬರ್ 10ರಂದು ನ್ಯೂಯಾರ್ಕ್‌ನಲ್ಲಿ ಐದನೇ ಗ್ರ್ಯಾನ್‌ಸ್ಲಾಮ್ ಫೈನಲ್, ಜೊಕೊವಿಚ್ ಎದುರು. ಗಾಳಿ ಜೋರಾಗಿತ್ತು. ಮೊದಲ ಸೆಟ್ಟಿನ ಟೈಬ್ರೇಕ್ (ಸೆಟ್ 6-6 ಆದಾಗ ಆಡುವ ನಿರ್ಣಾಯಕ ಗೇಮ್) 12-10ರವರೆಗೆ ಹೋಯಿತು. ಮರ್ರೆ ಎರಡು ಸೆಟ್ ಮುಂದೆ ಹೋದರು. ಜೊಕೊವಿಚ್ ಎರಡನ್ನೂ ವಾಪಸ್ ತಂದರು. ಹಳೆಯ ಮರ್ರೆ ಕುಸಿಯುತ್ತಿದ್ದದ್ದು ಇಲ್ಲೇ. ಈ ಸಲ ಐದನೇ ಸೆಟ್ 6-2. ಒಟ್ಟು 4 ಗಂಟೆ 54 ನಿಮಿಷ. ಅಮೆರಿಕ ಓಪನ್‌ನ ಅತಿ ಉದ್ದದ ಫೈನಲ್ ದಾಖಲೆಗೆ ಸರಿಸಮ. ಆ ಹಳೆಯ ದಾಖಲೆ 1988ರದು, ವಿಲಾಂಡರ್ ಎದುರು ಸೋತವರು ಲೆಂಡ್ಲ್! ಗೆದ್ದ ಕ್ಷಣದಲ್ಲಿ ಕ್ಯಾಮೆರಾ ಅವರ ಕಡೆ ತಿರುಗಿದಾಗಲೂ ಆ ಮುಖದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

2013ರ ಜುಲೈ 7ರಂದು ವಿಂಬಲ್ಡನ್ ಕೂಡ ಬಂತು, ಜೊಕೊವಿಚ್ ಎದುರು 6-4, 7-5, 6-4. ಕೊನೆಯ ಗೇಮ್‌ನಲ್ಲಿ 40-0 ಇದ್ದಾಗ ಮೂರು ಮ್ಯಾಚ್ ಪಾಯಿಂಟ್ ಕೈತಪ್ಪಿದವು. ನಾಲ್ಕನೆಯದು ಸಿಕ್ಕಿತು. ಪುರುಷರ ಈ ಕಪ್‌ಗಾಗಿ ಬ್ರಿಟನ್ 77 ವರ್ಷ ಕಾದಿತ್ತು.

ಬಿಟ್ಟು ಹೋದದ್ದು, ಮರಳಿ ಬಂದದ್ದು

2013ರ ಸೆಪ್ಟೆಂಬರ್‌ನಲ್ಲಿ ಮರ್ರೆಗೆ ಬೆನ್ನಿನ ಶಸ್ತ್ರಚಿಕಿತ್ಸೆ ಆಯಿತು. 2014ರ ಮಾರ್ಚ್‌ನಲ್ಲಿ ಇಬ್ಬರೂ ಬೇರೆಯಾದರು. ಲೆಂಡ್ಲ್ ತಮ್ಮ ಬೇರೆ ಕೆಲಸಗಳಿಗೆ ಹೆಚ್ಚು ಸಮಯ ಬೇಕೆಂದರು. ಚಿಕ್ಕ ಪಾಲು ಒಪ್ಪಿಕೊಂಡವರು ಆ ಪಾಲೂ ದೊಡ್ಡದಾದಾಗ ಎದ್ದು ಹೋದರು ಅನ್ನಬಹುದು.

ಮುಂದಿನ ಕೋಚ್ ಅಮೆಲಿ ಮೊರೆಸ್ಮೊ. 2006ರಲ್ಲಿ ಆಸ್ಟ್ರೇಲಿಯಾ ಓಪನ್ ಮತ್ತು ವಿಂಬಲ್ಡನ್ ಗೆದ್ದವರು. ಅವರ ಕಾಲದಲ್ಲಿ ಮರ್ರೆ ಆವೆಮಣ್ಣಿನ ಅಂಕಣದಲ್ಲಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದರು, ಮ್ಯಾಡ್ರಿಡ್ ಸೇರಿದಂತೆ. ದೇಶಗಳ ನಡುವೆ ನಡೆಯುವ ಡೇವಿಸ್ ಕಪ್ ಅನ್ನು ಬ್ರಿಟನ್ ಗೆದ್ದದ್ದೂ ಆಗಲೇ. ಆದರೆ 2015, 2016ರ ಆಸ್ಟ್ರೇಲಿಯಾ ಓಪನ್ ಫೈನಲ್‌ಗಳನ್ನು ಜೊಕೊವಿಚ್ ಎದುರು ಸೋತರು. ಹೆಣ್ಣು ಕೋಚ್ ಅನ್ನುವ ಕಾರಣಕ್ಕೆ ಮೊರೆಸ್ಮೊ ಕೇಳಿದ ಟೀಕೆ ಅವರ ಕೆಲಸಕ್ಕೆ ಸಂಬಂಧವೇ ಇಲ್ಲದ್ದು.

2016ರ ಜೂನ್‌ನಲ್ಲಿ ಲೆಂಡ್ಲ್ ವಾಪಸ್ ಬಂದರು. ಈ ಸಲವೂ ದಿನನಿತ್ಯಕ್ಕೆ ಬೇರೆಯವರಿದ್ದರು, ಜೇಮಿ ಡೆಲ್ಗಾಡೊ. ಕೆಲವೇ ವಾರಗಳಲ್ಲಿ ಮರ್ರೆ ವಿಂಬಲ್ಡನ್ ಫೈನಲ್‌ನಲ್ಲಿ ಮಿಲೋಸ್ ರಾವೊನಿಚ್ ಅವರನ್ನು ಸೋಲಿಸಿದರು. ರಾವೊನಿಚ್ ಜೊತೆ ಸಲಹೆಗಾರರಾಗಿ ಇದ್ದವರು ಯಾರು ಗೊತ್ತಾ? ಜಾನ್ ಮೆಕೆನ್ರೋ. ಆ ನವೆಂಬರ್‌ನಲ್ಲಿ ಮರ್ರೆ ನಂಬರ್ ಒನ್ ಆದರು.

ಲೆಕ್ಕ ಹೀಗಿದೆ: ಮರ್ರೆ ಆಡಿದ ಗ್ರ್ಯಾನ್‌ಸ್ಲಾಮ್ ಫೈನಲ್‌ಗಳು 11. ಲೆಂಡ್ಲ್ ಇದ್ದಾಗ ಐದು, ಅದರಲ್ಲಿ ಮೂರು ಗೆಲುವು. ಲೆಂಡ್ಲ್ ಇಲ್ಲದಾಗ ಆರು, ಆರೂ ಸೋಲು. ನೋಡಿದ ಕೂಡಲೇ ತೀರ್ಪು ಕೊಡುವ ಆಸೆಯಾಗುತ್ತದೆ. ಸ್ವಲ್ಪ ತಡೆಯಿರಿ. 2016ರಲ್ಲಿ ಎದುರಿಗೆ ಇದ್ದದ್ದು ಮೊದಲ ಫೈನಲ್ ಆಡುತ್ತಿದ್ದ ರಾವೊನಿಚ್, ಜೊಕೊವಿಚ್ ಅಲ್ಲ. 2022ರಲ್ಲಿ ಲೆಂಡ್ಲ್ ಮೂರನೇ ಸಲ ಬಂದಾಗ ಮರ್ರೆಯ ಸೊಂಟದಲ್ಲಿ ಲೋಹದ ಕೀಲಿತ್ತು. ಆಗ ಯಾವ ಫೈನಲ್ ಅನುಭವವೂ ಕೆಲಸಕ್ಕೆ ಬರಲಿಲ್ಲ.

ಇದನ್ನು ನೋಡಿ ಮಾಡಿದವರು

ಮರ್ರೆ ಗೆದ್ದದ್ದೇ ತಡ, ಹಳೆಯ ಚಾಂಪಿಯನ್‌ಗಳಿಗೆ ಒಮ್ಮೆಲೇ ಬೇಡಿಕೆ ಬಂತು. ಜೊಕೊವಿಚ್ ಬೆಕರ್ ಅವರನ್ನು ಕರೆದರು, ಫೆಡರರ್ ಎಡ್ಬರ್ಗ್ ಅವರನ್ನು, ನಿಶಿಕೊರಿ ಮೈಕಲ್ ಚಾಂಗ್ ಅವರನ್ನು, ಚಿಲಿಚ್ ಇವಾನಿಸೆವಿಚ್ ಅವರನ್ನು. ಬೆಕರ್ ಜೊತೆ ಜೊಕೊವಿಚ್ ಆರು ಗ್ರ್ಯಾನ್‌ಸ್ಲಾಮ್ ಗೆದ್ದರು. ಎಡ್ಬರ್ಗ್ ಜೊತೆ ಫೆಡರರ್ ಒಂದನ್ನೂ ಗೆಲ್ಲಲಿಲ್ಲ, ಮೂರು ಫೈನಲ್‌ಗಳಲ್ಲಿ ಜೊಕೊವಿಚ್ ಎದುರು ಸೋತರು. ಲೆಂಡ್ಲ್ ಅವರನ್ನು ಎರಡು ಫೈನಲ್‌ಗಳಲ್ಲಿ ಸೋಲಿಸಿದ್ದ ಕಾನರ್ಸ್ 2013ರಲ್ಲಿ ಶರಪೋವಾಗೆ ಕೋಚ್ ಆದರು. ಆ ನೌಕರಿ ಒಂದೇ ಪಂದ್ಯಕ್ಕೆ ಮುಗಿಯಿತು. ಇನ್ನೊಂದು ಕಡೆ ನಡಾಲ್‌ನನ್ನು ಬೆಳೆಸಿದ ಚಿಕ್ಕಪ್ಪ ಟೋನಿ ದೊಡ್ಡ ಮಟ್ಟದಲ್ಲಿ ಆಡಿದವರೇ ಅಲ್ಲ.

ಲೆಂಡ್ಲ್ ಅವರದ್ದೇ ಎರಡನೇ ಪ್ರಯೋಗ ಅಲೆಕ್ಸಾಂಡರ್ ಜ್ವೆರೆವ್ ಜೊತೆ. ಶುರುವಾದದ್ದು 2018ರ ಆಗಸ್ಟ್‌ನಲ್ಲಿ. ನವೆಂಬರ್‌ನಲ್ಲಿ ಜ್ವೆರೆವ್ ಲಂಡನ್‌ನಲ್ಲಿ ಫೆಡರರ್, ಜೊಕೊವಿಚ್ ಇಬ್ಬರನ್ನೂ ಸೋಲಿಸಿ ಎಟಿಪಿ ಫೈನಲ್ಸ್ (ವರ್ಷದ ಕೊನೆಗೆ ಅಗ್ರ ಎಂಟು ಆಟಗಾರರ ಟೂರ್ನಿ) ಗೆದ್ದರು. ಆಮೇಲೆ ಎಲ್ಲ ತಣ್ಣಗಾಯಿತು. 2019ರ ಜುಲೈನಲ್ಲಿ ಸಂಬಂಧ ಮುರಿಯಿತು. ಲೆಂಡ್ಲ್‌ಗೆ ಟೆನಿಸ್‌ಗಿಂತ ಗಾಲ್ಫ್ ಕಡೆಯೇ ಗಮನ ಅಂತ ಜ್ವೆರೆವ್ ದೂರಿದರು. ಜ್ವೆರೆವ್ ಬದುಕಿನಲ್ಲಿ ಅಂಕಣದ ಹೊರಗಿನ ತೊಂದರೆಗಳು ಜಾಸ್ತಿ ಅಂತ ಲೆಂಡ್ಲ್ ಅಂದರು.

ಯಾರದು ಸರಿ ಅನ್ನುವುದಕ್ಕಿಂತ ಇದನ್ನು ಗಮನಿಸಿ. ಜ್ವೆರೆವ್‌ಗೆ ಆಗ 21 ವರ್ಷ, ಒಂದು ಗ್ರ್ಯಾನ್‌ಸ್ಲಾಮ್ ಫೈನಲ್ಲನ್ನೂ ಆಡಿರಲಿಲ್ಲ. ಸೋತ ಫೈನಲ್‌ಗಳಿಂದ ಹೊರಬರುವ ದಾರಿ ಬಲ್ಲವನ ಹತ್ತಿರ ಆ ಹುಡುಗನಿಗೆ ಕೇಳುವುದೇನಿತ್ತು? ಎರಡು ಸೆಟ್ ಮುಂದಿದ್ದು ಅಮೆರಿಕ ಓಪನ್ ಫೈನಲ್ ಸೋತದ್ದು 2020ರಲ್ಲಿ. ಲೆಂಡ್ಲ್ ಬೇಕಾಗಿದ್ದದ್ದು ಆಗ. ಅಷ್ಟರಲ್ಲಿ ಅವರು ಹೋಗಿ ಒಂದು ವರ್ಷ ದಾಟಿತ್ತು.

ಮರ್ರೆಯ ಸರದಿ

2024ರ ಪ್ಯಾರಿಸ್ ಒಲಿಂಪಿಕ್ಸ್ ಮುಗಿಸಿ ಮರ್ರೆ ನಿವೃತ್ತರಾದರು. ನವೆಂಬರ್‌ನಲ್ಲಿ ಅವರೇ ಕೋಚ್ ಆದರು, ಅದೂ ಜೊಕೊವಿಚ್‌ಗೆ. ಇಬ್ಬರೂ ಒಂದೇ ವಾರದ ಅಂತರದಲ್ಲಿ ಹುಟ್ಟಿದವರು. ಪರಸ್ಪರ ಆಡಿದ 36 ಪಂದ್ಯಗಳಲ್ಲಿ 25 ಜೊಕೊವಿಚ್ ಪಾಲು.

ಕೆಲಸದ ರೂಪವೂ ಅಷ್ಟರಲ್ಲಿ ಬದಲಾಗಿತ್ತು. 2025ರ ಜನವರಿ 1ರಿಂದ ಪಂದ್ಯದ ನಡುವೆ ಕೋಚ್ ಸಲಹೆ ಕೊಡುವುದಕ್ಕೆ ಟೆನಿಸ್ ನಿಯಮದಲ್ಲೇ ಅವಕಾಶ ಸಿಕ್ಕಿತು. ಆ ವರ್ಷದ ಆಸ್ಟ್ರೇಲಿಯಾ ಓಪನ್‌ನಲ್ಲಿ ಕೋಚ್‌ಗಳಿಗೆ ಅಂಕಣದ ಪಕ್ಕದಲ್ಲೇ ಜಾಗ ಮಾಡಿಕೊಟ್ಟರು. ಲೆಂಡ್ಲ್ ತರಹ ಕಲ್ಲಾಗಿ ಕೂರುವುದೇ ಕೆಲಸ ಅನ್ನುವ ಕಾಲ ಹೋಗಿತ್ತು. ಜೊಕೊವಿಚ್ ಕ್ವಾರ್ಟರ್‌ಫೈನಲ್‌ನಲ್ಲಿ ಅಲ್ಕರಾಜ್ ಅವರನ್ನು ಸೋಲಿಸಿದರು. ಸೆಮಿಫೈನಲ್‌ನಲ್ಲಿ ಗಾಯದಿಂದ ಪಂದ್ಯ ಬಿಟ್ಟರು. ಆಮೇಲೆ ದೋಹಾ, ಇಂಡಿಯನ್ ವೆಲ್ಸ್, ಮಾಂಟೆ ಕಾರ್ಲೊ, ಮ್ಯಾಡ್ರಿಡ್ ಎಲ್ಲೆಡೆ ಬೇಗ ಸೋಲು. ಮಯಾಮಿಯಲ್ಲಿ ಫೈನಲ್ ತಲುಪಿದರೂ ಗೆಲ್ಲಲಿಲ್ಲ. ಮೇ ತಿಂಗಳಲ್ಲಿ ಇಬ್ಬರೂ ನಗುನಗುತ್ತಲೇ ಬೇರೆಯಾದರು.

ಮರ್ರೆಗೆ ಟೆನಿಸ್ ತಿಳಿವಳಿಕೆ ಲೆಂಡ್ಲ್‌ಗಿಂತ ಕಡಿಮೆ ಅಂತ ಯಾರೂ ಹೇಳಲಾರರು. ಆದರೆ 24 ಗ್ರ್ಯಾನ್‌ಸ್ಲಾಮ್ ಗೆದ್ದವರಿಗೆ ಫೈನಲ್ ಗೆಲ್ಲುವುದು ಹೇಗೆ ಅನ್ನುವ ಪ್ರಶ್ನೆಯೇ ಇರಲಿಲ್ಲ. ಅವರ ಮುಂದಿದ್ದದ್ದು 37 ದಾಟಿದ ದೇಹದ ಪ್ರಶ್ನೆ. ಅದಕ್ಕೆ ಉತ್ತರ ಮರ್ರೆಯ ಸೊಂಟದಲ್ಲೂ ಇರಲಿಲ್ಲ. ಬೇರೆಯಾಗಿ ಎರಡು ವಾರ ತುಂಬುವ ಮೊದಲೇ ಜೊಕೊವಿಚ್ ಜಿನೀವಾದಲ್ಲಿ ತಮ್ಮ ನೂರನೇ ಪ್ರಶಸ್ತಿ ಗೆದ್ದರು.